ಟಿವಿ ಪಕ್ಕದ ಪುಟ್ಟ ಪೆಟ್ಟಿಗೆಗೆ ಯಾವ ಕಾರ್ಡು?

ದೊಡ್ಡ ಕಂಪನಿಗಳು ಕಚೇರಿಯ ಕಂಪ್ಯೂಟರುಗಳನ್ನು ಕೆಲವು ವರ್ಷಕ್ಕೊಮ್ಮೆ ಒಟ್ಟಿಗೇ ಬದಲಿಸುತ್ತವೆ. ಹಾಗೆ ಹೊರಬಿದ್ದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳ ಚಿಕ್ಕ ಕ್ಯಾಬಿನೆಟ್ಟಿನ ಮಾದರಿಗಳು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಬೆಲೆಗೆ ಸಿಗುತ್ತವೆ. ಗಟ್ಟಿ ಮೈ, ಕಡಿಮೆ ಸದ್ದು, ಟಿವಿ ಸ್ಟ್ಯಾಂಡಿನಲ್ಲಿ ಹಿಡಿಸುವ ಗಾತ್ರ. ಕೋಡಿಯಂಥ ಉಚಿತ ತಂತ್ರಾಂಶ ಹಾಕಿಕೊಂಡರೆ ಸಿನಿಮಾ, ಹಾಡು, ಮದುವೆ ವಿಡಿಯೊ ಎಲ್ಲವೂ ಒಂದೇ ಕಡೆ. ಫುಲ್ ಎಚ್‌ಡಿ ಟಿವಿ ಇರುವಷ್ಟು ದಿನ ಯಾವ ತಕರಾರೂ ಇರುವುದಿಲ್ಲ. 4ಕೆ ಟಿವಿ ಬಂತೆಂದರೆ ತಾಪತ್ರಯ ಶುರು. ಚಿತ್ರ ತಡವರಿಸುತ್ತದೆ, ಮಾತು ಮುಂದೆ ಹೋಗಿ ತುಟಿ ಹಿಂದೆ ಉಳಿಯುತ್ತದೆ, ಫ್ಯಾನಿನ ಸದ್ದು ಹಾಲಿನ ತುಂಬ ಕೇಳುತ್ತದೆ.

ಆಗ ಹೊಳೆಯುವ ಪರಿಹಾರ ಗ್ರಾಫಿಕ್ಸ್ ಕಾರ್ಡು. ಪರಿಹಾರ ಸರಿಯೇ. ಆದರೆ ಅಂಗಡಿಯಲ್ಲೂ ಜಾಹೀರಾತಿನಲ್ಲೂ ಕಾರ್ಡುಗಳನ್ನು ಅಳೆಯುವುದು ಆಟದ ಲೆಕ್ಕದಲ್ಲಿ: ಯಾವ ಗೇಮು ಎಷ್ಟು ಸರಾಗ ಓಡುತ್ತದೆ ಎಂದು. ಸಿನಿಮಾ ನೋಡುವ ಪೆಟ್ಟಿಗೆಗೆ ಆ ಅಳತೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ನೋಡಬೇಕಾದದ್ದು ಚಿಪ್ಪಿನ ಒಂದು ಮೂಲೆಯಲ್ಲಿರುವ, ಡಬ್ಬದ ಮೇಲೆ ಅಪರೂಪಕ್ಕೆ ನಮೂದಾಗುವ ಸಣ್ಣ ಭಾಗವೊಂದನ್ನು. ಅದು ಯಾಕೆ ಬೇಕು ಎಂಬುದು ತಿಳಿದರೆ ಕಾರ್ಡಿನ ಆಯ್ಕೆ ಅರ್ಧ ಮುಗಿದಂತೆ.

ಮೊದಲು ಸ್ವಲ್ಪ ಲೆಕ್ಕ. 4ಕೆ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿಗಳು. ಒಟ್ಟು ಸುಮಾರು 83 ಲಕ್ಷ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಎಂದರೆ ಒಂದು ಫ್ರೇಮಿಗೆ ಸುಮಾರು 25 ಮೆಗಾಬೈಟ್. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು. ಎರಡೂವರೆ ಗಂಟೆಯ ಚಿತ್ರವನ್ನು ಹಾಗೆಯೇ ಇಟ್ಟರೆ 5 ಟೆರಾಬೈಟ್ ದಾಟುತ್ತದೆ. ಅದೇ ಚಿತ್ರ ಇಂಟರ್‌ನೆಟ್ಟಿನಲ್ಲಿ ಸೆಕೆಂಡಿಗೆ 20 ಮೆಗಾಬಿಟ್‌ನಂತೆ ಹರಿದು ಬಂದರೆ ಒಟ್ಟು 22 ಗಿಗಾಬೈಟಿನ ಆಸುಪಾಸು. ಇನ್ನೂರಕ್ಕೂ ಹೆಚ್ಚು ಪಟ್ಟು ಕುಗ್ಗಿದ ಚಿತ್ರ ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಮೂಲದಂತೆಯೇ ಕಾಣುತ್ತದೆ. ದಿನವೂ ನೋಡುತ್ತೇವಾದ್ದರಿಂದ ಇದು ಎಂಥ ಅದ್ಭುತವೆಂದು ನಮಗೆ ಅನಿಸುವುದೇ ಇಲ್ಲ.

ಕುಗ್ಗಿಸುವ ಕ್ರಮಕ್ಕೆ ಎರಡು ಆಧಾರ. ಒಂದು ಫ್ರೇಮಿಗೂ ಮುಂದಿನದಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಆದ್ದರಿಂದ ಇಡೀ ಚಿತ್ರವನ್ನು ಮತ್ತೆ ಕಳಿಸದೆ, ಹಿಂದಿನ ಫ್ರೇಮಿನ ಯಾವ ಚೌಕ ಎಲ್ಲಿಗೆ ಸರಿಯಿತು ಎಂಬುದನ್ನು ಮಾತ್ರ ಬರೆದರೆ ಸಾಕು. ಉಳಿದ ಅಲ್ಪಸ್ವಲ್ಪ ವ್ಯತ್ಯಾಸವನ್ನು ಕುಗ್ಗಿಸಲು ಎರಡನೆಯ ಉಪಾಯ, ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಅಂದರೆ ಡಿಸಿಟಿ. ಇದರ ಹಿಂದೆ ಬೆಂಗಳೂರಿನವರೊಬ್ಬರಿದ್ದಾರೆ. 1940ರಲ್ಲಿ ಇಲ್ಲಿ ಹುಟ್ಟಿ, ನಾವು ಯುವಿಸಿಇ ಎಂದು ಕರೆಯುವ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್ ಮುಂದೆ ಅಮೆರಿಕಕ್ಕೆ ಹೋಗಿ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. 1972ರಲ್ಲಿ ಈ ವಿಚಾರದ ಅಧ್ಯಯನಕ್ಕೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನಿಂದ ಹಣ ಕೇಳಿದರು, ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂಬುದು ಪರಿಶೀಲಕರೊಬ್ಬರ ಅಭಿಪ್ರಾಯವಾಗಿತ್ತೆಂದು ಅಹ್ಮದ್ ಬಳಿಕ ನೆನಪಿಸಿಕೊಂಡಿದ್ದಾರೆ. ಅವರು ಕೈಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಂದಿಗೆ ಸೇರಿ 1974ರ ಜನವರಿಯಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧ ಇಂದು ಪ್ರತಿ ಜೆಪೆಗ್ ಫೋಟೊದ ತಳಹದಿ. ಅದೇ ಲೆಕ್ಕದ ರೂಪಾಂತರಗಳು ಇಂದಿನ ವಿಡಿಯೊದ ಎಲ್ಲ ಮುಖ್ಯ ಮಾದರಿಗಳಲ್ಲೂ ಇವೆ.

ಡಿಸಿಟಿ ಮಾಡುವುದಿಷ್ಟು. ಎಂಟು ಅಡ್ಡ, ಎಂಟು ಉದ್ದದ ಚೌಕದಲ್ಲಿ 64 ಚುಕ್ಕಿಗಳಿವೆ ಎನ್ನಿ. ಅವುಗಳ ಹೊಳಪನ್ನು ಒಂದೊಂದಾಗಿ ಬರೆಯುವ ಬದಲು, ಆ ಚೌಕವನ್ನು 64 ಬಗೆಯ ಏರಿಳಿತಗಳ ಮೊತ್ತವಾಗಿ ಬರೆಯುತ್ತದೆ: ಚೌಕದ ಸರಾಸರಿ ಹೊಳಪು ಎಷ್ಟು, ಎಡದಿಂದ ಬಲಕ್ಕೆ ನಿಧಾನವಾಗಿ ಮಬ್ಬಾಗುವುದು ಎಷ್ಟು, ಸಣ್ಣ ಸಣ್ಣ ಗೆರೆಗಳಾಗಿ ಏರಿಳಿಯುವುದು ಎಷ್ಟು, ಹೀಗೆ. ನಿಜವಾದ ದೃಶ್ಯಗಳಲ್ಲಿ, ಆಕಾಶವಾಗಲಿ ಗೋಡೆಯಾಗಲಿ ಮುಖವಾಗಲಿ, ನಿಧಾನದ ಏರಿಳಿತಗಳೇ ಬಹುಪಾಲು. ಸೂಕ್ಷ್ಮ ಏರಿಳಿತಗಳ ಅಂಕೆಗಳು ಸೊನ್ನೆಗೆ ಹತ್ತಿರವಿರುತ್ತವೆ, ಅವನ್ನು ಸೊನ್ನೆಯೇ ಮಾಡಿಬಿಟ್ಟರೂ ಕಣ್ಣಿಗೆ ಗೊತ್ತಾಗುವುದಿಲ್ಲ. 64 ಅಂಕೆಗಳಲ್ಲಿ ಐದಾರು ಉಳಿದರೆ ಸಾಕಾಗುವ ಚೌಕಗಳೇ ಎಷ್ಟೋ.

ಇದನ್ನು ಮತ್ತೆ ಚಿತ್ರವಾಗಿ ಬಿಡಿಸುವ ಕೆಲಸ ನಮ್ಮ ಪೆಟ್ಟಿಗೆಯದು. ಒಂದು ಫ್ರೇಮಿಗೆ ಸಿಗುವ ಕಾಲ ಸುಮಾರು 42 ಮಿಲಿಸೆಕೆಂಡು, ಕ್ರಿಕೆಟ್ಟಿನಂಥ 60 ಫ್ರೇಮಿನ ವಿಡಿಯೊ ಆದರೆ 17 ಕೂಡ ಇಲ್ಲ. ಇಲ್ಲಿ ಒಂದು ತೊಡಕಿದೆ. ಉಳಿದ ಅಂಕೆಗಳನ್ನು ಕೊನೆಯಲ್ಲಿ ಬಿಟ್ಟುಗಳಾಗಿ ಒತ್ತಿ ಇಡುವ ಕ್ರಮದಲ್ಲಿ, ಒಂದು ಚಿಹ್ನೆಯನ್ನು ಬಿಡಿಸಿದ ಮೇಲೆಯೇ ಮುಂದಿನದನ್ನು ಹೇಗೆ ಓದಬೇಕೆಂದು ತಿಳಿಯುತ್ತದೆ. ಸರದಿ ಬಿಟ್ಟು ಮುಂದೆ ಹಾರುವಂತಿಲ್ಲ. ಗ್ರಾಫಿಕ್ಸ್ ಕಾರ್ಡಿನ ಹೆಗ್ಗಳಿಕೆಯೆಂದರೆ ನೂರಾರು, ಸಾವಿರಾರು ಪುಟ್ಟ ಗಣಕಗಳು ಏಕಕಾಲಕ್ಕೆ ದುಡಿಯುವುದು; ಈ ಸರದಿ ಕೆಲಸದಲ್ಲಿ ಅಷ್ಟು ಕೈಗಳಿದ್ದೂ ಉಪಯೋಗವಿಲ್ಲ. ಪ್ರೊಸೆಸರ್ ಇದನ್ನು ಮಾಡಬಲ್ಲದು, ಆದರೆ ಹಳೆಯ ನಾಲ್ಕು ಕೋರಿನ ಪ್ರೊಸೆಸರು 4ಕೆ ವಿಡಿಯೊ ಬಿಡಿಸುವಾಗ ಬೆವರಿಳಿಸುತ್ತದೆ.

ಹಾಗಾಗಿ ಚಿಪ್ ತಯಾರಕರು ಇದಕ್ಕೆಂದೇ ಪ್ರತ್ಯೇಕ ಸರ್ಕ್ಯೂಟ್ ಇಡುತ್ತಾರೆ. ಎನ್‌ವಿಡಿಯಾ ಅದನ್ನು ಎನ್‌ವಿಡೆಕ್ ಎನ್ನುತ್ತದೆ, ಇಂಟೆಲ್ ಕ್ವಿಕ್ ಸಿಂಕ್ ಎಂಬ ಹೆಸರಿನಡಿ ಕೊಡುತ್ತದೆ, ಎಎಂಡಿಯದು ವಿಸಿಎನ್. ಕೆಲವೇ ವಾಟ್‌ಗಳಲ್ಲಿ, ಸದ್ದಿಲ್ಲದೆ, ಫ್ರೇಮಿನ ಮೇಲೆ ಫ್ರೇಮು ಬಿಡಿಸುತ್ತದೆ. ಆದರೆ ಅದು ಚಕ್ಕುಲಿ ಒರಳಿನ ಅಚ್ಚಿದ್ದಂತೆ. ಆ ಅಚ್ಚಿನಿಂದ ಚಕ್ಕುಲಿ ಮಾತ್ರ ಬರುತ್ತದೆ, ಸೇವೆ ಬೇಕಾದರೆ ಬೇರೆ ಅಚ್ಚೇ ಬೇಕು. 2003ರ ಎಚ್.264 ಮಾದರಿಗೆ ಮಾಡಿದ ಸರ್ಕ್ಯೂಟ್ 2013ರ ಎಚ್‌ಇವಿಸಿಯನ್ನು ಬಿಡಿಸಲಾರದು. ಯೂಟ್ಯೂಬ್ ಬಳಸುವ ವಿಪಿ9ಗೆ ಇನ್ನೊಂದು, 2018ರಲ್ಲಿ ಬಂದ ಎವಿ1ಗೆ ಮತ್ತೊಂದು ಅಚ್ಚು ಬೇಕು. ತಂತ್ರಾಂಶ ಅಪ್‌ಡೇಟ್ ಮಾಡಿದರೆ ಇದು ಬರುವುದಿಲ್ಲ, ಸಿಲಿಕಾನಿನಲ್ಲೇ ಇರಬೇಕು. ಇಂಟೆಲ್‌ನ ನಾಲ್ಕನೇ ಪೀಳಿಗೆಯ ಪ್ರೊಸೆಸರಿರುವ ಆಪ್ಟಿಪ್ಲೆಕ್ಸ್ 9020 ಫುಲ್ ಎಚ್‌ಡಿಯಲ್ಲಿ ಚುರುಕಾಗಿದ್ದು 4ಕೆಯಲ್ಲಿ ಕುಸಿಯುವ ಗುಟ್ಟು ಇದೇ: ಎಚ್.264ರ ಅಚ್ಚು ಅದರಲ್ಲಿದೆ, ಆಮೇಲಿನ ಮೂರಕ್ಕೂ ಪೂರ್ಣ ಸರ್ಕ್ಯೂಟ್ ಇಲ್ಲ.

ಹಾಗೆಂದ ಮೇಲೆ ಒಂದು ಮಾತು ಈಗಲೇ ಹೇಳಿಬಿಡಬೇಕು. ಪೆಟ್ಟಿಗೆಯಲ್ಲಿರುವುದು ಇಂಟೆಲ್‌ನ ಏಳನೇ ಪೀಳಿಗೆಯ ಪ್ರೊಸೆಸರ್ ಆಗಿದ್ದರೆ 10 ಬಿಟ್ ಎಚ್‌ಇವಿಸಿಯೂ ವಿಪಿ9 ಕೂಡ ಅದರೊಳಗಿನ ಗ್ರಾಫಿಕ್ಸಿಗೇ ಬರುತ್ತವೆ. ಹನ್ನೊಂದನೇ ಪೀಳಿಗೆಯ ಹೊಸ ಗ್ರಾಫಿಕ್ಸಿಗೆ ಎವಿ1 ಕೂಡ ಗೊತ್ತು. ಅಂಥವರು ಕಾರ್ಡಿಗೆ ದುಡ್ಡು ಸುರಿಯುವುದು ಬೇಡ.

ಕಾರ್ಡು ಬೇಕೇ ಬೇಕು ಎನ್ನುವವರಿಗೆ ಮೊದಲ ಶರತ್ತು ಜಾಗದ್ದು. ಸಾಮಾನ್ಯ ಕಾರ್ಡಿನ ತುದಿಯ ಲೋಹದ ಪಟ್ಟಿ 12 ಸೆಂಟಿಮೀಟರ್ ಉದ್ದ. ಚಿಕ್ಕ ಕ್ಯಾಬಿನೆಟ್ಟಿಗೆ ಬೇಕಾದ ಲೋ ಪ್ರೊಫೈಲ್ ಪಟ್ಟಿ 8 ಸೆಂಟಿಮೀಟರ್. ಕಾರ್ಡಿನ ದಪ್ಪವನ್ನೂ ನೋಡಬೇಕು. ಸ್ಲಾಟಿಗೂ ಸ್ಲಾಟಿಗೂ ನಡುವೆ ಇರುವುದು ಎರಡೇ ಸೆಂಟಿಮೀಟರ್, ದೊಡ್ಡ ಹೀಟ್‌ಸಿಂಕ್ ಇರುವ ಕಾರ್ಡು ಎರಡು ಸ್ಲಾಟ್ ನುಂಗುತ್ತದೆ. ಎಷ್ಟೋ ಪೆಟ್ಟಿಗೆಗಳಲ್ಲಿ ಉದ್ದನೆಯ ಸ್ಲಾಟಿನ ಪಕ್ಕದಲ್ಲೇ ಎಸ್‌ಎಂಪಿಎಸ್ ಇರುವುದರಿಂದ ಅಂಥದ್ದು ಕೂರುವುದೇ ಇಲ್ಲ. ಕೊಳ್ಳುವ ಮುನ್ನ ಮುಚ್ಚಳ ತೆಗೆದು ಸ್ಕೇಲ್ ಹಿಡಿದು ಅಳೆಯುವುದು ಒಳ್ಳೆಯದು.

ಎರಡನೆಯದು ವಿದ್ಯುತ್ತು. ಮದರ್‌ಬೋರ್ಡಿನ ಗ್ರಾಫಿಕ್ಸ್ ಸ್ಲಾಟ್ ತಾನೇ ಕೊಡಬಲ್ಲದ್ದು ಹೆಚ್ಚೆಂದರೆ 75 ವಾಟ್; ಕೆಲವು ಕಚೇರಿ ಪೆಟ್ಟಿಗೆಗಳಲ್ಲಿ ತಯಾರಕರು ಅದಕ್ಕಿಂತ ಕಡಿಮೆ ಮಿತಿ ಇಟ್ಟಿರುತ್ತಾರೆ, ಕೈಪಿಡಿ ತೆರೆದು ನೋಡಬೇಕು. ಇವುಗಳ ಎಸ್‌ಎಂಪಿಎಸ್ ಸಾಮರ್ಥ್ಯ 240–255 ವಾಟ್‌ನಷ್ಟೇ, ಕಾರ್ಡಿಗೆಂದು ಬೇರೆ ವೈರೂ ಸಾಮಾನ್ಯವಾಗಿ ಇರುವುದಿಲ್ಲ. ಹಾರ್ಡ್‌ಡಿಸ್ಕಿನ ಸಾಟಾ ವೈರಿನಿಂದ ಆರು ಪಿನ್ನಿನ ಕನೆಕ್ಟರಿಗೆ ಬದಲಿಸುವ ಅಡಾಪ್ಟರುಗಳು ಅಂಗಡಿಯಲ್ಲಿ ಸಿಗುತ್ತವೆ. ದಯವಿಟ್ಟು ಅವನ್ನು ಬಳಸಬೇಡಿ. ಸಾಟಾ ಕನೆಕ್ಟರಿನ 12 ವೋಲ್ಟ್ ಪಿನ್ನುಗಳು ತಾಳುವುದು 54 ವಾಟ್. ಆರು ಪಿನ್ನಿನ ಕನೆಕ್ಟರಿನಿಂದ ಕಾರ್ಡು 75 ವಾಟ್‌ವರೆಗೆ ಎಳೆಯಬಹುದು. ಆ ವ್ಯತ್ಯಾಸ ಬಿಸಿಯಾಗಿ, ಪ್ಲಾಸ್ಟಿಕ್ ಕರಗಿ, ಬೆಂಕಿಗೂ ದಾರಿಯಾದೀತು.

ಈ ಎರಡು ಜರಡಿಯಲ್ಲಿ ಉಳಿಯುವ ಕಾರ್ಡುಗಳು ಬೆರಳೆಣಿಕೆಯವು. 2017ರ ಜಿಟಿ 1030 ತುಂಬ ದಿನ ಇಂಥ ಪೆಟ್ಟಿಗೆಗಳ ಅಚ್ಚುಮೆಚ್ಚಾಗಿತ್ತು. 30 ವಾಟ್, ಫ್ಯಾನೇ ಇಲ್ಲದ ಮಾದರಿಗಳೂ ಉಂಟು, ಎಚ್‌ಇವಿಸಿ ಮತ್ತು ವಿಪಿ9 ಲೀಲಾಜಾಲ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡೂ ಬಂತು. ಮೊದಲಿನದರ ಮೆಮೊರಿ ಸೆಕೆಂಡಿಗೆ 48 ಗಿಗಾಬೈಟ್ ಸಾಗಿಸಿದರೆ ಇದರದು 17 ಕೂಡ ಮುಟ್ಟುವುದಿಲ್ಲ. ಡಬ್ಬದ ಮೇಲೆ ಜಿಡಿಡಿಆರ್5 ಎಂದಿದೆಯೇ ಎಂದು ಓದಿಯೇ ಕೊಳ್ಳಬೇಕು. ಎರಡಕ್ಕೂ ಎವಿ1 ಬಾರದು. 2022ರ ಆರ್‌ಎಕ್ಸ್ 6400 ಆಟದಲ್ಲಿ ಜಿಟಿ 1030ಕ್ಕಿಂತ ಎಷ್ಟೋ ಮುಂದಿದೆ, ವಯಸ್ಸಿನಲ್ಲಿ ಐದು ವರ್ಷ ಚಿಕ್ಕದು, ಆದರೂ ಎವಿ1 ಅಚ್ಚು ಅದರಲ್ಲಿಲ್ಲ. ಬಲಕ್ಕೂ ಹೊಸತನಕ್ಕೂ ಈ ಕೆಲಸಕ್ಕೂ ಸಂಬಂಧವಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಅದೇ ವರ್ಷದ ಇಂಟೆಲ್ ಆರ್ಕ್ ಎ310 ಅಗ್ಗದ ಕಾರ್ಡು, ಒಂದೇ ಸ್ಲಾಟಿನ ಲೋ ಪ್ರೊಫೈಲ್ ಮಾದರಿಯೂ ಸಿಗುತ್ತದೆ. ಎವಿ1 ಬಿಡಿಸುವುದಷ್ಟೇ ಅಲ್ಲ, ಕುಗ್ಗಿಸಿಯೂ ಕೊಡುತ್ತದೆ. ನನ್ನ ಮತ ಅದಕ್ಕೇ. ಆದರೆ ಇಂಟೆಲ್ ಅದಕ್ಕೆ ಅಧಿಕೃತ ಬೆಂಬಲ ಹೇಳಿರುವುದು ಹತ್ತನೇ ಪೀಳಿಗೆಯಿಂದ ಈಚಿನ ಯಂತ್ರಗಳಿಗೆ. ಅದಕ್ಕಿಂತ ಹಳೆಯ ಮದರ್‌ಬೋರ್ಡಿನಲ್ಲಿ ಹಾಕುವವರು ವಾಪಸ್ ಕೊಡಲು ಒಪ್ಪುವ ಅಂಗಡಿಯಲ್ಲೇ ಕೊಳ್ಳಲಿ. ಸಿನಿಮಾ ಜೊತೆಗೆ ಮಕ್ಕಳಿಗೆ ಆಟವೂ ಬೇಕು, ಎರಡು ಸ್ಲಾಟ್ ಜಾಗವೂ ಇದೆ ಎನ್ನುವವರಿಗೆ 2024ರಲ್ಲಿ ಬಂದ 6 ಗಿಗಾಬೈಟಿನ ಆರ್‌ಟಿಎಕ್ಸ್ 3050 ಇದೆ: 70 ವಾಟ್, ಬೇರೆ ವೈರು ಬೇಡ, ಎವಿ1 ಬರುತ್ತದೆ.

ಟಿವಿಗೆ ಹೋಗುವ ದಾರಿಯೂ ಅಗಲವಿರಬೇಕು. 4ಕೆ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಪೂರ್ಣ ಬಣ್ಣದಲ್ಲಿ ಕಳಿಸಲು 12 ಗಿಗಾಬಿಟ್ ಬೇಕು. ಎಚ್‌ಡಿಎಂಐ 1.4ರಲ್ಲಿ ಅಷ್ಟು ಹಿಡಿಸದೆ 30ಕ್ಕೇ ನಿಲ್ಲುತ್ತದೆ, 2.0 ಅಥವಾ ಮೇಲಿನದು ಬೇಕು. ಎಷ್ಟೋ ಹಳೆಯ ಆಪ್ಟಿಪ್ಲೆಕ್ಸ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯೇ ಇಲ್ಲ, ಇರುವುದು ಡಿಸ್‌ಪ್ಲೇಪೋರ್ಟ್. ಹೊಸ ಕಾರ್ಡು ಆ ಕೊರತೆಯನ್ನೂ ನೀಗುತ್ತದೆ.

ಕೂರಿಸುವುದು ಕಷ್ಟದ ಕೆಲಸವೇನಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಡಬೇಕು. ಕ್ಯಾಬಿನೆಟ್ಟಿನ ಬರಿಯ ಲೋಹ ಮುಟ್ಟಿದರೆ ಮೈಯ ಸ್ಥಿರ ವಿದ್ಯುತ್ತೂ ಇಳಿಯುತ್ತದೆ. ಕಾರ್ಡಿಗೆ ಉದ್ದ ಪಟ್ಟಿ ಹಾಕಿಯೇ ಬಂದಿದ್ದರೆ ಎರಡು ಸಣ್ಣ ಸ್ಕ್ರೂ ಬಿಚ್ಚಿ, ಡಬ್ಬದಲ್ಲಿರುವ ಗಿಡ್ಡ ಪಟ್ಟಿ ಹಾಕಬೇಕು. ಡಿವಿಐ ಕಿಂಡಿಯಿದ್ದರೆ ಅದರ ಎರಡು ಬದಿಯ ಆರು ಮೂಲೆಯ ತಿರುಪುಗಳನ್ನೂ ಬಿಚ್ಚಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡುಗಳಲ್ಲಿ ಈ ಗಿಡ್ಡ ಪಟ್ಟಿಯೇ ಕಳೆದುಹೋಗಿರುತ್ತದೆ, ಮೊದಲೇ ಕೇಳಿಕೊಳ್ಳಿ. ಕಾರ್ಡನ್ನು ನೇರವಾಗಿ ಇಟ್ಟು ಎರಡೂ ತುದಿಯಲ್ಲಿ ಸಮನಾಗಿ ಒತ್ತಿದರೆ ಸ್ಲಾಟಿನ ಕೊನೆಯ ಕೊಂಡಿ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಟಿವಿಯ ಕೇಬಲ್ ಇನ್ನು ಮುಂದೆ ಹೊಸ ಕಾರ್ಡಿನ ಕಿಂಡಿಗೆ.

ಸರ್ಕ್ಯೂಟ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ಕಣ್ಣಾರೆ ನೋಡಬಹುದು. ಯೂಟ್ಯೂಬಿನಲ್ಲಿ 4ಕೆ ವಿಡಿಯೊ ಹಾಕಿ, ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆದರೆ ಯಾವ ಮಾದರಿಯ ವಿಡಿಯೊ ಬರುತ್ತಿದೆ, ಎಷ್ಟು ಫ್ರೇಮು ಬಿದ್ದುಹೋದವು ಎಂಬುದು ಕಾಣುತ್ತದೆ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಪುಟ ತೆರೆದರೆ ವಿಡಿಯೊ ಡಿಕೋಡ್ ಎಂಬ ಪ್ರತ್ಯೇಕ ಗೆರೆ ಇದೆ. ವಿಡಿಯೊ ಶುರುವಾದಾಗ ಆ ಗೆರೆ ಮೇಲೇರಿ, ಪ್ರೊಸೆಸರಿನ ಗೆರೆ ನೆಲ ಹಿಡಿದಿದ್ದರೆ ಕಾರ್ಡು ಸಾರ್ಥಕ. ನಕಲು ತಡೆಯಲು ಒಟಿಟಿ ಕಂಪನಿಗಳು ಹಾಕುವ ಬೀಗ ಬೇರೆಯದೇ ವಿಷಯ. ಅವರ ಚಿತ್ರ ಬ್ರೌಸರಿನಲ್ಲಿ ಕಡಿಮೆ ಗುಣಮಟ್ಟಕ್ಕೆ ಇಳಿದರೆ ಯಾವ ಕಾರ್ಡೂ ಅದನ್ನು ಸರಿಪಡಿಸದು. ಟಿವಿಯ ರಿಮೋಟಿನಿಂದಲೇ ಕಂಪ್ಯೂಟರ್ ನಡೆಸುವ ಆಸೆಯನ್ನೂ ಈ ಕಾರ್ಡುಗಳು ಈಡೇರಿಸುವುದಿಲ್ಲ, ಅದಕ್ಕೆ ಬೇರೆ ಅಡಾಪ್ಟರ್ ಕೊಳ್ಳಬೇಕು.

ಇಷ್ಟಾದ ಮೇಲೂ ಕ್ಯಾಮೆರಾ ನಿಧಾನವಾಗಿ ಒಂದು ಬದಿಯಿಂದ ಇನ್ನೊಂದಕ್ಕೆ ಸರಿಯುವ ದೃಶ್ಯದಲ್ಲಿ ಚಿತ್ರ ಸಣ್ಣಗೆ ಎಡವುವುದುಂಟು. ಅದು ಕಾರ್ಡಿನ ದೋಷವಲ್ಲ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ 24 ಫ್ರೇಮುಗಳನ್ನು ಸಮನಾಗಿ ಹಂಚಲಾಗದೆ, ಒಂದು ಫ್ರೇಮು ಮೂರು ಬಾರಿ, ಮುಂದಿನದು ಎರಡು ಬಾರಿ ಕಾಣಿಸುತ್ತದೆ. ಕೋಡಿಯ ಸೆಟ್ಟಿಂಗ್ಸಿನಲ್ಲಿ, ವಿಡಿಯೊಗೆ ತಕ್ಕಂತೆ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಸಿನಿಮಾಕ್ಕೆ 24, ನಮ್ಮ ಟಿವಿ ಚಾನೆಲ್ಲುಗಳ 25 ಫ್ರೇಮಿನ ಕಾರ್ಯಕ್ರಮಗಳಿಗೆ 50 ಎಂದು ಪೆಟ್ಟಿಗೆಯೇ ಟಿವಿಗೆ ಹೇಳಿ ಬದಲಿಸಿಕೊಳ್ಳುತ್ತದೆ.