ಹಗ್ಗ ಬಿಚ್ಚದ ಫೋಟೊಗಳು

ನೆಲೋಗಿಯಲ್ಲಿರುವ ನಮ್ಮ ಕಾಕಾನ ಫೋನಿನ ರ‍್ಯಾಮ್ 2 ಜಿಬಿ. ತೊಗರಿ ಹೊಲದ ಫೋಟೊ ಏರಿಸುವ ಆ್ಯಪ್ ಒಂದೆರಡು ಫೋಟೊ ಆಗುವಷ್ಟರಲ್ಲಿ ತಟ್ಟನೆ ಮುಚ್ಚಿಕೊಳ್ಳುತ್ತದೆ. ‘ನಮ್ಮ ಕಡೆ ನೆಟ್‌ವರ್ಕೇ ಹಂಗದ ಬಿಡಪ್ಪಾ’ ಅಂತಾರೆ ಕಾಕಾ. ಆಂಡ್ರಾಯ್ಡ್ ಆ್ಯಪ್ ಬರೆಯುವುದೇ ನನ್ನ ಕೆಲಸ. ಅದಕ್ಕೇ ಹೇಳುತ್ತೇನೆ, ಇದು ನೆಟ್‌ವರ್ಕಿನ ತಪ್ಪಲ್ಲ, ಮೆಮೊರಿಯದು.

ಲೆಕ್ಕ ನೋಡಿ. 4000 ಅಡ್ಡ, 3000 ಉದ್ದದ ಫೋಟೊದಲ್ಲಿ 1.2 ಕೋಟಿ ಚುಕ್ಕೆಗಳಿರುತ್ತವೆ. ಗ್ಯಾಲರಿಯಲ್ಲಿ ಅದು ಕೆಲವೇ ಎಂಬಿಯ ಫೈಲು. ತೆರೆದೊಡನೆ ಚುಕ್ಕೆಗೆ 4 ಬೈಟ್‌ನಂತೆ 48 ಎಂಬಿ ಮೆಮೊರಿ ನುಂಗುತ್ತದೆ. ಅಡ್ಡ, ಉದ್ದ ಎರಡನ್ನೂ ಕಾಲುಭಾಗಕ್ಕೆ ಇಳಿಸಿ ತೆರೆದರೆ 3 ಎಂಬಿ ಸಾಕು. ಸಣ್ಣ ಪರದೆಯಲ್ಲಿ ಬೆಳೆ ಆಗಲೂ ಚೆನ್ನಾಗಿಯೇ ಕಾಣುತ್ತದೆ.

ಬಳಸಿ ಮುಗಿದದ್ದನ್ನು ತೆರವು ಮಾಡಲು ಜಾವಾ, ಕೋಟ್ಲಿನ್‌ನಂಥ ಭಾಷೆಗಳಲ್ಲಿ ಗಾರ್ಬೇಜ್ ಕಲೆಕ್ಟರ್ ಇದೆ. ಲಿಸ್ಪ್ ಭಾಷೆಗಾಗಿ ಜಾನ್ ಮೆಕಾರ್ಥಿ 1960ರಲ್ಲಿ ಪ್ರಕಟಿಸಿದ ಉಪಾಯವೇ ಅದರ ತಳಪಾಯ. ಮೆಮೊರಿಯಲ್ಲಿರುವ ವಸ್ತುಗಳು ಎತ್ತುಗಳು, ಒಂದು ಇನ್ನೊಂದನ್ನು ಹಿಡಿದಿರುವ ಕೊಂಡಿಗಳು ಹಗ್ಗಗಳು ಎಂದುಕೊಳ್ಳಿ. ಪ್ರೋಗ್ರಾಮಿನ ಮುಖ್ಯ ಗೂಟಗಳಿಂದ ಹೊರಟು ಹಗ್ಗ ಹಿಡಿದು ಹೋಗುವುದು, ಕಟ್ಟಿದ ಎತ್ತು, ಆ ಎತ್ತಿಗೆ ಕಟ್ಟಿದ ಇನ್ನೊಂದು ಎತ್ತು, ಹೀಗೆ ಸಿಕ್ಕಿದ್ದಕ್ಕೆಲ್ಲ ಗುರುತು ಹಾಕುವುದು. ಗುರುತಿಲ್ಲದ್ದು ಕಸ. ಒಂದಕ್ಕೊಂದು ಕಟ್ಟಿಕೊಂಡು ಗೂಟದಿಂದ ಬಿಟ್ಟುಹೋದ ಜೋಡಿಯೂ ಇಲ್ಲಿ ಸಿಕ್ಕಿಬೀಳುತ್ತದೆ. ಬರೀ ಹಗ್ಗ ಎಣಿಸುವ ವಿಧಾನಕ್ಕೆ ಆ ಜೋಡಿ ಕಾಣುವುದೇ ಇಲ್ಲ.

ಹೀಗೆ ಕಸ ಹುಡುಕುವಾಗ ಆ್ಯಪ್ ನಿಂತರೆ ಕಷ್ಟ. ಪರದೆ ಸೆಕೆಂಡಿಗೆ 60 ಬಾರಿ ಬದಲಾಗಬೇಕು, ಅಂದರೆ ಪ್ರತಿ ಚಿತ್ರಕ್ಕೆ ಸಿಗುವುದು 16 ಮಿಲಿಸೆಕೆಂಡ್ ಚಿಲ್ಲರೆ. ಹೊಸದಾಗಿ ಹುಟ್ಟಿದ ವಸ್ತುಗಳಲ್ಲಿ ಬಹುಪಾಲು ಬೇಗ ಸಾಯುತ್ತವೆ. ಹಾಗಾಗಿ ಹೊಸವನ್ನು ಪದೇಪದೇ, ಹಳೆಯವನ್ನು ಅಪರೂಪಕ್ಕೆ ನೋಡಿದರೆ ಸಾಕು ಎಂಬುದನ್ನು ಡೇವಿಡ್ ಉಂಗರ್ 1984ರಲ್ಲಿ ಮಾಡಿ ತೋರಿಸಿದರು. 2014ರಲ್ಲಿ ಬಂದ ಆಂಡ್ರಾಯ್ಡ್ 5 ಈ ನಿಲುಗಡೆಗಳನ್ನು ಬಹಳ ತಗ್ಗಿಸಿತು.

ಇಷ್ಟಾದರೂ ಕಟ್ಟಿಯೇ ಇರುವ, ಆದರೆ ಇನ್ನು ಬೇಡವಾದ ವಸ್ತುವನ್ನು ಕಲೆಕ್ಟರ್ ಮುಟ್ಟುವುದಿಲ್ಲ. ಕಳುಹಿಸಿ ಮುಗಿದ ಫೋಟೊವನ್ನು ಯಾವುದೋ ಪಟ್ಟಿ ಹಿಡಿದುಕೊಂಡೇ ಕೂತಿದ್ದರೆ ಅದು ಜೀವಂತವೆಂದೇ ಲೆಕ್ಕ. ಮುಂದೆ ಬಳಕೆಯಾಗದ ಹಗ್ಗಗಳನ್ನು ಮೊದಲೇ ಪತ್ತೆಹಚ್ಚಿ ಕತ್ತರಿಸುವ ದಾರಿಯನ್ನು ಉದಯ್ ಖೇಡ್ಕರ್, ಅಮಿತಾಭ ಸನ್ಯಾಲ್, ಅಮೇಯ ಕರ್ಕರೆ 2007ರ ಪ್ರಬಂಧದಲ್ಲಿ ವಿವರಿಸಿದರು. ನಮ್ಮ ದೇಶದವರದೇ ಈ ಕೆಲಸ, ನನಗೆ ಬಲು ಮೆಚ್ಚುಗೆ. ಆದರೆ ದಿನನಿತ್ಯದ ಆ್ಯಪ್‌ಗಳಲ್ಲಿ ಹಗ್ಗ ಬಿಚ್ಚಬೇಕಾದವರು ಬರೆದವರೇ.

ರೈತರಿಗಾಗಿ ಆ್ಯಪ್ ಬರೆಯುವ ಗೆಳೆಯರೇ, ಫೋಟೊವನ್ನು ಕುಗ್ಗಿಸಿ ತೆರೆಯಿರಿ, ಕಳುಹಿಸಿದೊಡನೆ ಬಿಟ್ಟುಬಿಡಿ. ಬಿಡುಗಡೆಗೆ ಮುಂಚೆ 2 ಜಿಬಿಯ ಹಳೆಯ ಫೋನಿನಲ್ಲಿ ಸಾಲಾಗಿ ಇಪ್ಪತ್ತು ಫೋಟೊ ಏರಿಸಿ ನೋಡಿ.