ಕೊಬ್ಬು ತೆಗೆಸೋದು ಬೇರೆ, ಬೊಜ್ಜಿಗೆ ಆಪರೇಷನ್ ಬೇರೆ

ಹುಳಿಮಾವಿನ ನಮ್ಮನೆ ಪುಟ್ಟ ರೂಮಿನಿಂದ ಇನ್ನೊಂದು ಎಪಿಸೋಡ್. ಮಧ್ಯೆ ಬನ್ನೇರುಘಟ್ಟ ರಸ್ತೆಯ ಹಾರ್ನ್ ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಮೊದಲೇ ಹೇಳಿಬಿಡ್ತೀನಿ: ನಾನು ಡಾಕ್ಟರ್ ಅಲ್ಲ, ಬಿಕಾಂ ಓದಿದವನು. ಇದನ್ನು ಕೇಳಿ ಯಾರೂ ಆಪರೇಷನ್ ನಿರ್ಧಾರ ಮಾಡಬೇಡಿ. ಆದರೆ ಡಾಕ್ಟರ್ ಮುಂದೆ ಕೂತಾಗ ಏನು ಕೇಳಬೇಕು ಅನ್ನೋದು ಗೊತ್ತಿರಲಿ.

ಇವತ್ತಿನ ವಿಷಯ ನಮ್ಮ ಮನೆಯದ್ದೇ. ನಮ್ಮಕ್ಕನ ತೂಕ 108 ಕೆಜಿ, ಎತ್ತರ 158 ಸೆಂಟಿಮೀಟರ್. ಆರು ವರ್ಷದಿಂದ ಶುಗರ್ ಇದೆ. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತೆ. ಡಯೆಟ್, ಜಿಮ್, ವಾಕಿಂಗ್ ಎಲ್ಲ ಆಗಿದೆ. ಹತ್ತು ಕೆಜಿ ಇಳಿಯುತ್ತೆ, ಹನ್ನೆರಡು ಕೆಜಿ ವಾಪಸ್ ಬರುತ್ತೆ. ಕಳೆದ ತಿಂಗಳು ಡಾಕ್ಟರ್, 'ಬೇರಿಯಾಟ್ರಿಕ್ ಸರ್ಜರಿ ಬಗ್ಗೆ ಯೋಚನೆ ಮಾಡಿ' ಅಂದ್ರು. ಮನೆಗೆ ಬಂದು ಹೇಳಿದ್ದೇ ತಡ, ಅಪ್ಪ ಕಾಫಿ ಲೋಟ ಕೆಳಗಿಟ್ಟರು. "ಬೇಡ ಕಣಮ್ಮ. ಕೊಬ್ಬು ತೆಗೆಸ್ಕೊಳ್ಳೋಕೆ ಹೋಗಿ ಆ ಸೀರಿಯಲ್ ಹುಡುಗಿ ಪ್ರಾಣ ಕಳ್ಕೊಳ್ಳಲಿಲ್ವಾ?"

ಅಪ್ಪ ಹೇಳಿದ್ದು ನಟಿ ಚೇತನಾ ರಾಜ್ ಬಗ್ಗೆ. 'ಗೀತಾ', 'ದೊರೆಸಾನಿ' ಧಾರಾವಾಹಿಗಳಲ್ಲಿ ನಟಿಸಿದ್ದವರು. 2022ರ ಮೇ 16ರಂದು ಬೆಂಗಳೂರಿನಲ್ಲಿ, ಕೊಬ್ಬು ತೆಗೆಯುವ ಕಾಸ್ಮೆಟಿಕ್ ಸರ್ಜರಿಯ ನಂತರ ತೀರಿಕೊಂಡರು. ಆಗ ಅವರಿಗೆ 21 ವರ್ಷ. ಆ ಸುದ್ದಿ ನೋಡಿದ ಯಾವ ಅಪ್ಪ ಅಮ್ಮನಿಗೂ ಹೆದರಿಕೆ ಆಗೋದು ಸಹಜ. ಹಾಗಾಗಿ ನಾನು ಅಪ್ಪನ ಜೊತೆ ವಾದ ಮಾಡಲಿಲ್ಲ. ಇವೆರಡೂ ಒಂದೇ ಆಪರೇಷನ್ನಾ ಅಂತ ಹುಡುಕೋಕೆ ಕೂತೆ.

ಒಂದೇ ಅಲ್ಲ. ಲೈಪೊಸಕ್ಷನ್ ಅಂದ್ರೆ ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯೋದು. ಅದು ದೇಹದ ಆಕಾರಕ್ಕೆ. ಲಿವರ್, ಕರುಳಿನ ಸುತ್ತ ಕೂತಿರೋ ಕೊಬ್ಬನ್ನು ಅದು ಮುಟ್ಟಲ್ಲ, ಹಸಿವನ್ನೂ ಬದಲಿಸಲ್ಲ. ಬೊಜ್ಜಿಗೂ ಶುಗರ್‌ಗೂ ಅದು ಚಿಕಿತ್ಸೆಯೇ ಅಲ್ಲ.

ಬೇರಿಯಾಟ್ರಿಕ್ ಸರ್ಜರಿಯಲ್ಲಿ ಕೊಬ್ಬನ್ನು ತೆಗೆಯೋದೇ ಇಲ್ಲ! ಕೆಲಸ ನಡೆಯೋದು ಜಠರದ ಮೇಲೆ. 'ಸ್ಲೀವ್' ಅನ್ನೋ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೀತಾರೆ; ಉಳಿಯೋದು ಬಾಳೆಕಾಯಿ ಆಕಾರದ ಕೊಳವೆ. ಹಸಿವನ್ನು ಹೆಚ್ಚಿಸೋ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ತಯಾರಾಗೋದು ಹೀಗೆ ತೆಗೆಯೋ ಭಾಗದಲ್ಲೇ. 'ಬೈಪಾಸ್' ವಿಧಾನದಲ್ಲಿ ಸುಮಾರು 30 ಎಂಎಲ್ ಹಿಡಿಯೋ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿಗೆ ಜೋಡಿಸ್ತಾರೆ. ಎರಡರಲ್ಲೂ ಊಟದ ಪ್ರಮಾಣದ ಜೊತೆ ಹಾರ್ಮೋನ್‌ಗಳೂ ಬದಲಾಗುತ್ತವೆ. ಅದಕ್ಕೇ ಎಷ್ಟೋ ಜನರಿಗೆ ತೂಕ ಇಳಿಯೋ ಮೊದಲೇ ಶುಗರ್ ಹತೋಟಿಗೆ ಬರೋಕೆ ಶುರುವಾಗುತ್ತೆ.

'ಬಾಯಿ ಕಟ್ಟಿದ್ರೆ ಸಾಲದಾ?' ಅಂತ ನೆಂಟರೆಲ್ಲ ಅಕ್ಕನಿಗೆ ಹೇಳಿದ್ದೇ ಹೇಳಿದ್ದು. ತೂಕ ಇಳಿದಾಗ ದೇಹ ಅದನ್ನು ಬರಗಾಲ ಅಂದ್ಕೊಳ್ಳುತ್ತೆ. ಹಸಿವು ಜಾಸ್ತಿ ಮಾಡುತ್ತೆ, ಶಕ್ತಿ ಖರ್ಚು ಕಮ್ಮಿ ಮಾಡುತ್ತೆ. ಅಕ್ಕ ಸೋತಿದ್ದು ಸೋಮಾರಿತನದಿಂದಲ್ಲ.

ಈಗ ನನ್ನ ಸಬ್ಜೆಕ್ಟ್‌ಗೆ ಬರೋಣ, ದುಡ್ಡು. ಅಕ್ಕನ ಹೆಲ್ತ್ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿದೆ. ಐಆರ್‌ಡಿಎಐ ನಿಗದಿ ಮಾಡಿರೋ ಹೊರಗಿಡುವ ಪಟ್ಟಿಯಲ್ಲಿ ಕಾಸ್ಮೆಟಿಕ್ ಸರ್ಜರಿಗೆ ಒಂದು ನಂಬರ್, ಬೊಜ್ಜಿನ ಚಿಕಿತ್ಸೆಗೆ ಬೇರೆ ನಂಬರ್. ನೋಡಿ, ಪಾಲಿಸಿ ಕಾಗದಕ್ಕೂ ವ್ಯತ್ಯಾಸ ಗೊತ್ತು! ಬೊಜ್ಜಿನ ಆಪರೇಷನ್‌ಗೆ ಷರತ್ತು ಇಷ್ಟು: ಡಾಕ್ಟರ್ ಸಲಹೆ ಇರಬೇಕು, ಚಿಕಿತ್ಸಾ ನಿಯಮದ ಪ್ರಕಾರ ಇರಬೇಕು, ವಯಸ್ಸು 18 ದಾಟಿರಬೇಕು, ಬಿಎಂಐ 40 ಅಥವಾ ಹೆಚ್ಚಿರಬೇಕು. ಬಿಎಂಐ 35 ಇದ್ದರೂ ಆಗುತ್ತೆ. ಆದರೆ ಹತೋಟಿಗೆ ಬಾರದ ಟೈಪ್ 2 ಡಯಾಬಿಟಿಸ್, ತೀವ್ರ ಸ್ಲೀಪ್ ಅಪ್ನಿಯಾ, ಹೃದಯದ ಕಾಯಿಲೆ ಇಂಥದ್ದೇನಾದರೂ ಜೊತೆಗಿರಬೇಕು, ಬೇರೆ ದಾರಿ ಪ್ರಯತ್ನಿಸಿ ಸೋತಿರಬೇಕು. ಬಿಎಂಐ ಲೆಕ್ಕ ಸುಲಭ: ಕೆಜಿಯಲ್ಲಿ ತೂಕ, ಅದನ್ನು ಮೀಟರ್‌ನಲ್ಲಿರೋ ಎತ್ತರದಿಂದ ಎರಡು ಸಲ ಭಾಗಿಸಿ. ಅಕ್ಕನದು 43. ನಿಮ್ಮ ಪಾಲಿಸಿಯ ವೇಟಿಂಗ್ ಪೀರಿಯಡ್ ಎಷ್ಟು ಅಂತಲೂ ನೋಡಿಕೊಳ್ಳಿ.

ವೈದ್ಯರ ಅಳತೆ ಇದಕ್ಕಿಂತ ಸಡಿಲ. 2022ರಲ್ಲಿ ಎರಡು ಸರ್ಜನ್ ಸಂಘಟನೆಗಳು ಏಷ್ಯಾದವರಿಗೆ ಬಿಎಂಐ 27.5ರಿಂದಲೇ ಸರ್ಜರಿ ಸೂಚಿಸಬಹುದು ಅಂದಿವೆ. ಕಮ್ಮಿ ತೂಕದಲ್ಲೇ ನಮಗೆ ಶುಗರ್, ಹೃದಯದ ತೊಂದರೆ ಬರೋದೇ ಕಾರಣ. ಅಂದ್ರೆ ಡಾಕ್ಟರ್ ಬೇಕು ಅಂದ ಮಾತ್ರಕ್ಕೆ ಇನ್ಶೂರೆನ್ಸ್ ಕೊಡುತ್ತೆ ಅಂತಿಲ್ಲ. ಮೊದಲೇ ಅಪ್ರೂವಲ್ ತಗೊಳ್ಳಿ.

ಹಾಗಾದ್ರೆ ಅಪ್ಪನ ಭಯ ಸುಳ್ಳಾ? ಪೂರ್ತಿ ಅಲ್ಲ. ಇದೂ ಅರಿವಳಿಕೆ ಕೊಟ್ಟು ಮಾಡೋ ದೊಡ್ಡ ಆಪರೇಷನ್ನೇ. ಹೊಲಿಗೆ ಸೋರಬಹುದು, ರಕ್ತಸ್ರಾವ ಆಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ. ಆಮೇಲೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಜೀವನಪೂರ್ತಿ. ವರ್ಷವರ್ಷ ರಕ್ತಪರೀಕ್ಷೆ. ತಟ್ಟೆಯಲ್ಲಿ ಮೊದಲು ಮೊಟ್ಟೆ, ಬೇಳೆ, ಪನೀರ್; ಅನ್ನ ಆಮೇಲೆ. ಹೆಣ್ಣುಮಕ್ಕಳು ಕನಿಷ್ಠ ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆ ಮುಂದೂಡಬೇಕು.

ಇಷ್ಟೆಲ್ಲ ಮಾಡಿದರೆ ಸಿಗೋದೆಷ್ಟು? ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಒಟ್ಟು ತೂಕದ ಕಾಲು ಭಾಗ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು. ಅಕ್ಕನ ಲೆಕ್ಕದಲ್ಲಿ 27 ಕೆಜಿ, ಹೆಚ್ಚಂದ್ರೆ 32. ಆಗಲೂ ಅವಳು ಜಾಹೀರಾತಿನ ಹುಡುಗಿ ಥರ ಕಾಣಲ್ಲ. ಆದರೆ ರಾತ್ರಿ ನೆಟ್ಟಗೆ ಉಸಿರಾಡಬಹುದು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಒಪ್ಪಿದೆ ಅಂತ ಅವರು ಹೇಳಲಿಲ್ಲ. ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಪ್ರಶ್ನೆ ಬರೆದಿಟ್ಟಿದ್ದಾರೆ: ಆಸ್ಪತ್ರೆಯಲ್ಲಿ ಇಪ್ಪತ್ನಾಲ್ಕು ಗಂಟೆ ಐಸಿಯು ಇದೆಯಾ? ಈ ಸರ್ಜನ್ ಇಂಥ ಆಪರೇಷನ್ ಎಷ್ಟು ಮಾಡಿದ್ದಾರೆ? ಹೊಲಿಗೆ ಸೋರಿದರೆ ರಾತ್ರಿ ಎರಡು ಗಂಟೆಗೆ ಯಾರು ಬರ್ತಾರೆ? ಐದು ವರ್ಷ ಆದಮೇಲೂ ಫಾಲೋ-ಅಪ್ ಇರುತ್ತಾ? ಯಾವುದೇ ಆಪರೇಷನ್‌ಗೂ ಇವೇ ಸರಿಯಾದ ಪ್ರಶ್ನೆಗಳು. ನೀವೂ ಬರೆದಿಟ್ಕೊಳ್ಳಿ.

ಶನಿವಾರ ಎರಡನೇ ಕನ್ಸಲ್ಟೇಷನ್. ಅಪ್ಪನೂ ಬರ್ತಿದ್ದಾರೆ. ನಿರ್ಧಾರ ಮಾತ್ರ ಅಕ್ಕನದು. ಸಿಗೋಣ.