ತಂತಿಯಲ್ಲಿ ಜಾಗವಿದೆಯೇ? ಲೆಕ್ಕ ತೋರಿಸಬೇಕೆಂಬ ಕಾನೂನಿನ ಕುರಿತು

ಹೂಮಳೆ ಕೈಕೊಟ್ಟ ವರ್ಷ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಯಿಸಬೇಕಾದ ದಿನಗಳಲ್ಲೇ ಅಡಿಕೆ ತೋಟಕ್ಕೂ ನೀರು ಬೇಕಾಗುತ್ತದೆ. ಎಲ್ಲರ ಮೋಟಾರೂ ಒಟ್ಟಿಗೆ ತಿರುಗುವ ಕಾಲವದು. ಆಗ ಹೊಸ ಸಂಪರ್ಕ ಕೇಳಿದವರಿಗೂ, ಇದ್ದ ಪಂಪ್‌ಸೆಟ್ಟಿನ ಹೆಚ್.ಪಿ. ಏರಿಸಬೇಕೆಂದವರಿಗೂ ದೊರೆಯುವ ಉತ್ತರ ಸದಸ್ಯ ಬಾಂಧವರಿಗೆ ತಿಳಿದದ್ದೇ: ‘ಲೈನ್ ಓವರ್‌ಲೋಡ್ ಆಗಿದೆ, ಸದ್ಯಕ್ಕೆ ಆಗುವುದಿಲ್ಲ.’ ಈ ಉತ್ತರ ಅನೇಕ ವೇಳೆ ನಿಜವೇ ಆಗಿರುತ್ತದೆ. ತಂತಿಗೂ ಟ್ರಾನ್ಸ್‌ಫಾರ್ಮರಿಗೂ ಒಂದು ಮಿತಿ ಉಂಟು. ಆದರೆ ನಿಜವೋ ಅಲ್ಲವೋ ಎಂದು ಕೇಳಿದವನು ತಿಳಿಯುವುದು ಹೇಗೆ? ಜಗತ್ತಿನ ಹಲವು ಸರ್ಕಾರಗಳು ಈ ಪ್ರಶ್ನೆಗೆ ಕಾನೂನಿನ ಮೂಲಕ ಉತ್ತರ ಹುಡುಕಿವೆ. ಅದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮ ಕಡೆಯ ಹಳ್ಳದ ಕಟ್ಟವನ್ನು ನೆನೆಯಿರಿ. ಒಂದೇ ಕಾಲುವೆಯಿಂದ ಹತ್ತು ತೋಟಗಳಿಗೆ ನೀರು ಹೋಗುತ್ತದೆ. ಕಾಲುವೆಯ ತಲೆಯಲ್ಲಿರುವ ತೋಟದವರ ಕೈಯಲ್ಲೇ ಕಟ್ಟದ ಹಲಗೆ ಇದ್ದು, ಅವರೇ ನೀರನ್ನು ಮಾರುವವರೂ ಆದರೆ, ಬಾಲದ ತೋಟಕ್ಕೆ ‘ಇವತ್ತು ನೀರಿಲ್ಲ’ ಎಂದು ಹೇಳುವುದು ಅವರಿಗೆ ಬಹಳ ಸುಲಭ. ವಿದ್ಯುತ್ ಪ್ರಸರಣ ಜಾಲವೂ ಇದೇ ಬಗೆಯದು. ಒಂದೂರಿಗೆ ಎರಡು ಮೂರು ಸಾಲು ದೊಡ್ಡ ಕಂಬಗಳನ್ನು ಯಾರೂ ನಿಲ್ಲಿಸುವುದಿಲ್ಲ. ತಂತಿ ಒಬ್ಬರದೇ ಆಗಿರುತ್ತದೆ. ಆ ಒಬ್ಬರು ವಿದ್ಯುತ್ತನ್ನೂ ಮಾರುವವರಾದರೆ, ಬೇರೆಯವರ ವಿದ್ಯುತ್ತು ತಮ್ಮ ತಂತಿಯಲ್ಲಿ ಹರಿಯಲು ಏಕೆ ಬಿಟ್ಟಾರು?

ಅಮೆರಿಕದ ಮಿನಿಸೋಟ ರಾಜ್ಯದ ಎಲ್ಬೋ ಲೇಕ್ ಎಂಬ ಸಣ್ಣ ಪಟ್ಟಣಕ್ಕೆ ಆದದ್ದು ಇದೇ. ಆಟರ್ ಟೇಲ್ ಪವರ್ ಕಂಪನಿ ಮಿನಿಸೋಟ, ಉತ್ತರ ಮತ್ತು ದಕ್ಷಿಣ ಡಕೋಟಗಳ 465 ಊರುಗಳಿಗೆ ವಿದ್ಯುತ್ ಹಂಚುತ್ತಿತ್ತು. ಕರಾರಿನ ಅವಧಿ ಮುಗಿದಾಗ ಎಲ್ಬೋ ಲೇಕ್ ಸೇರಿ ಕೆಲವು ಊರುಗಳು ತಾವೇ ವಿದ್ಯುತ್ ಹಂಚಿಕೊಳ್ಳಲು ಹೊರಟವು. ಸರ್ಕಾರಿ ಮೂಲದ ವಿದ್ಯುತ್ತು ಖರೀದಿಗೆ ಇತ್ತು; ಅದನ್ನು ಊರಿಗೆ ತರಲು ತಂತಿ ಮಾತ್ರ ಕಂಪನಿಯದು. ಕಂಪನಿ ತಾನೂ ಸಗಟಾಗಿ ಮಾರುವುದಿಲ್ಲ, ಇತರರ ವಿದ್ಯುತ್ತನ್ನೂ ಸಾಗಿಸುವುದಿಲ್ಲ ಎಂದಿತು. ಎಲ್ಬೋ ಲೇಕಿನವರು ಸ್ವಂತ ಉತ್ಪಾದನಾ ಘಟಕವನ್ನೇ ಕಟ್ಟಿಕೊಳ್ಳಬೇಕಾಯಿತು. ಉತ್ತರ ಡಕೋಟದ ಹ್ಯಾಂಕಿನ್‌ಸನ್ ಪಟ್ಟಣದವರು ಸೋತು ಹಳೆಯ ಕರಾರನ್ನೇ ಮುಂದುವರಿಸಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1973ರ ಫೆಬ್ರವರಿಯಲ್ಲಿ ಕಂಪನಿಯ ವಿರುದ್ಧ ತೀರ್ಪಾಯಿತು. ನಾಲ್ವರು ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ, ಕೂದಲೆಳೆಯ ಅಂತರವೆನ್ನಬೇಕು.

ಆದರೆ ಕೋರ್ಟಿಗೆ ಹೋಗಿ ಗೆಲ್ಲುವುದು ಪ್ರತಿ ಊರಿಗೂ ಸಾಧ್ಯವೇ? ಮೇಲಾಗಿ, ‘ಬಿಡುವುದಿಲ್ಲ’ ಎಂದು ನೇರವಾಗಿ ಹೇಳಿದರೆ ತಾನೇ ಮೊಕದ್ದಮೆ. ‘ಬಿಡುತ್ತಿದ್ದೆವು, ಜಾಗವಿಲ್ಲ’ ಎಂದರೆ ಏನು ಮಾಡುವುದು? ಅಲ್ಲಿಯ ಫೆಡರಲ್ ಇಂಧನ ನಿಯಂತ್ರಣ ಆಯೋಗ ಇದಕ್ಕೆ ಮದ್ದು ಅರೆದದ್ದು 1996ರ ಏಪ್ರಿಲ್ 24ರಂದು. ಆ ದಿನ ಹೊರಡಿಸಿದ 888ನೆಯ ಆದೇಶವು ತಂತಿಯ ಒಡೆಯರು ತಮಗೆ ಯಾವ ಷರತ್ತೋ ಇತರರಿಗೂ ಅದೇ ಷರತ್ತಿನಲ್ಲಿ ತಂತಿಯನ್ನು ಬಿಟ್ಟುಕೊಡಬೇಕೆಂದಿತು. ಜೊತೆಗೇ ಬಂದ 889ನೆಯದು ಲೆಕ್ಕದ ಆದೇಶ. ನಮ್ಮ ದೃಷ್ಟಿಯಲ್ಲಿ ಹೆಚ್ಚು ಕೆಲಸ ಮಾಡಿದ್ದು ಈ ಎರಡನೆಯದೇ.

ಅದರ ಪ್ರಕಾರ ಯಾವ ಮಾರ್ಗದಲ್ಲಿ ಎಷ್ಟು ಸಾಮರ್ಥ್ಯ ಖಾಲಿ ಇದೆ, ದರವೇನು, ಯಾರಿಗಾದರೂ ರಿಯಾಯಿತಿ ಕೊಟ್ಟಿದೆಯೇ ಎಂಬುದನ್ನೆಲ್ಲ ಎಲ್ಲರೂ ಒಂದೇ ಕಾಲಕ್ಕೆ ನೋಡುವಂತೆ ಕಂಪ್ಯೂಟರ್ ಜಾಲದಲ್ಲಿ ಪ್ರಕಟಿಸಬೇಕು. ಈ ವ್ಯವಸ್ಥೆಗೆ ‘ಓಯಸಿಸ್’ ಎಂದು ಹೆಸರು. 1997ರ ಜನವರಿಯಲ್ಲಿ ಕಾರ್ಯಾರಂಭವಾಯಿತು. ಅರ್ಜಿ ತಿರಸ್ಕರಿಸಿದರೆ ಕಾರಣ ಹೇಳಬೇಕು. ಒಂದೇ ಕಂಪನಿಯಲ್ಲಿ ತಂತಿ ನೋಡಿಕೊಳ್ಳುವವರು ಬೇರೆ, ವಿದ್ಯುತ್ ಮಾರುವವರು ಬೇರೆ ಆಗಿರಬೇಕು. ಹೊರಗಿನವರಿಗೆ ತಿಳಿಸದ ಸುದ್ದಿಯನ್ನು ತಮ್ಮ ಮಾರಾಟ ವಿಭಾಗದ ಕಿವಿಗೆ ಹಾಕುವಂತಿಲ್ಲ. ತಂತಿ ವಿಭಾಗದವರು ತಮ್ಮ ವಿವೇಚನೆಯಿಂದ ಏನಾದರೂ ತೀರ್ಮಾನಿಸಿದರೆ ಅದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಬಿರುಗಾಳಿಗೆ ಲೈನ್ ಬಿದ್ದಂಥ ತುರ್ತಿನಲ್ಲಿ ನಿಯಮ ಮೀರಬೇಕಾಗಿ ಬಂದರೆ, 24 ಗಂಟೆಯೊಳಗೆ ಆಯೋಗಕ್ಕೆ ವರದಿ ಮಾಡಬೇಕು.

ಇಷ್ಟಾದರೂ ಕಳ್ಳದಾರಿ ಉಳಿದೇ ಇತ್ತು. ಅರ್ಜಿಯನ್ನು ತಿರಸ್ಕರಿಸದೆ ‘ಪರಿಶೀಲನೆಯಲ್ಲಿದೆ’ ಎಂದು ತಿಂಗಳುಗಟ್ಟಲೆ ಕೂರಿಸುವುದು. (ಈ ವಿದ್ಯೆಗೆ ದೇಶಭೇದವಿಲ್ಲವೆಂದು ಕಾಣುತ್ತದೆ.) ಆದ್ದರಿಂದ 2007ರ ಫೆಬ್ರವರಿಯಲ್ಲಿ ಬಂದ 890ನೆಯ ಆದೇಶವು ಪರಿಶೀಲನೆಯ ವೇಗದ ಲೆಕ್ಕವನ್ನೂ ಕೇಳಿತು. ಪರಿಶೀಲನೆಗೆ 60 ದಿನದ ಗಡುವು. ತಮ್ಮವರ ಅರ್ಜಿಗೆ ಎಷ್ಟು ದಿನ ಹಿಡಿಯಿತು, ಹೊರಗಿನವರ ಅರ್ಜಿಗೆ ಎಷ್ಟು ದಿನ ಎಂದು ಮೂರು ಮೂರು ತಿಂಗಳಿಗೆ ಬೇರೆ ಬೇರೆಯಾಗಿ ತೋರಿಸಬೇಕು. ಹೊರಗಿನವರ ಅರ್ಜಿಗಳಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಸತತ ಎರಡು ತ್ರೈಮಾಸಿಕ ತಡವಾದರೆ ಆಯೋಗದ ಮುಂದೆ ಸಮಜಾಯಿಷಿ ಕೊಡಬೇಕು. ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ ಪಕ್ಷಪಾತ ಇದ್ದರೆ ಕಾಣುತ್ತದೆ, ಇಲ್ಲದಿದ್ದರೆ ಕಂಪನಿಯ ಮೇಲಿನ ಅನುಮಾನ ಹೋಗುತ್ತದೆ. ಪ್ರಾಮಾಣಿಕ ಅಧಿಕಾರಿಗೂ ಇದು ರಕ್ಷಣೆಯೇ.

ಇನ್ನು ನಮ್ಮ ದೇಶದ ಮಾತು. ಭಾರತದಲ್ಲಿ 2003ರ ವಿದ್ಯುಚ್ಛಕ್ತಿ ಕಾಯ್ದೆಯು ‘ಮುಕ್ತ ಪ್ರವೇಶ’ ಎಂಬ ಹೆಸರಿನಲ್ಲಿ ಇದೇ ತತ್ತ್ವವನ್ನು ಅಂಗೀಕರಿಸಿತು. ರಾಜ್ಯದ ಪ್ರಸರಣ ಸಂಸ್ಥೆ ತನ್ನ ಜಾಲವನ್ನು ತಾರತಮ್ಯವಿಲ್ಲದೆ ಬಿಟ್ಟುಕೊಡಬೇಕೆಂದೂ, ತಾನು ವಿದ್ಯುತ್ ವ್ಯಾಪಾರ ಮಾಡಬಾರದೆಂದೂ ಅದರ 39ನೆಯ ಕಲಮು ಹೇಳುತ್ತದೆ. ನಮ್ಮ ಹಳೆಯ ವಿದ್ಯುತ್ ಮಂಡಳಿ 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಆಯಿತು. 2002ರಲ್ಲಿ ಹಂಚಿಕೆಯ ಕೆಲಸ ಬೇರೆ ಕಂಪನಿಗಳಿಗೆ ಹೋಯಿತು. 2005ರಲ್ಲಿ ವಿದ್ಯುತ್ ಖರೀದಿಯೂ ಅವುಗಳ ಪಾಲಿಗೆ ಬಂದು ಕೆ.ಪಿ.ಟಿ.ಸಿ.ಎಲ್.ಗೆ ತಂತಿಯ ಕೆಲಸ ಉಳಿಯಿತು. ಈಗ ಚಿಕ್ಕಮಗಳೂರು, ಶಿವಮೊಗ್ಗ, ದಕ್ಷಿಣ ಕನ್ನಡ, ಉಡುಪಿಯವರಿಗೆ ಮೆಸ್ಕಾಂ. ಕೊಡಗು, ಹಾಸನದವರಿಗೆ ಚಾಮುಂಡೇಶ್ವರಿ ನಿಗಮ.

ಇದರಿಂದ ಸಣ್ಣ ಬೆಳೆಗಾರನಿಗೆ ನೇರ ಲಾಭವುಂಟೇ ಎಂದರೆ, ಇಲ್ಲವೆಂದೇ ಹೇಳಬೇಕು. ಕಾಯ್ದೆ ಖಾತ್ರಿಪಡಿಸಿದ್ದು ಒಂದು ಮೆಗಾವ್ಯಾಟಿಗಿಂತ ಹೆಚ್ಚು ಬಳಸುವ ಗ್ರಾಹಕರಿಗೆ, ಅಂದರೆ ಸುಮಾರು 1340 ಹೆಚ್.ಪಿ.! 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸೌರ, ಜಲ ಮುಂತಾದ ಹಸಿರು ಮೂಲಗಳ ವಿದ್ಯುತ್ತಿನ ಮಟ್ಟಿಗೆ ಇದನ್ನು 100 ಕಿಲೋವ್ಯಾಟಿಗೆ ಇಳಿಸಿತು. ಅರ್ಜಿಯನ್ನು 15 ದಿನದಲ್ಲಿ ತೀರ್ಮಾನಿಸದಿದ್ದರೆ ಒಪ್ಪಿಗೆ ದೊರೆತಂತೆ ಎಂದೂ ಹೇಳಿತು. 100 ಕಿಲೋವ್ಯಾಟೆಂದರೆ 10 ಹೆಚ್.ಪಿ.ಯ 13 ಪಂಪುಗಳ ಲೋಡು. ಸಹಕಾರ ಸಂಘವೊಂದರ ಕ್ಯೂರಿಂಗ್ ಘಟಕಕ್ಕೆ ಎಟುಕುವಂಥದು. ಆದರೆ 2024ರ ಡಿಸೆಂಬರ್ 20ರಂದು ಕರ್ನಾಟಕ ಹೈಕೋರ್ಟು ಈ ನಿಯಮಗಳನ್ನು ರದ್ದುಪಡಿಸಿ, ಇಂಥ ನಿಯಮ ಮಾಡುವ ಅಧಿಕಾರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ್ದೆಂದು ತೀರ್ಪಿತ್ತಿತು. ಆದುದರಿಂದ ಅಗ್ಗದ ಸೌರ ವಿದ್ಯುತ್ ಕೊಡಿಸುತ್ತೇವೆಂದು 2022ರ ನಿಯಮ ತೋರಿಸಿ ಯಾರಾದರೂ ಸಂಘದ ಮುಂದೆ ಕರಾರುಪತ್ರ ಇಟ್ಟರೆ, ಆಯೋಗದ ಯಾವ ನಿಯಮಾವಳಿಯ ಮೇರೆಗೆ ಎಂದು ಬರಹದಲ್ಲಿ ಕೇಳಿ ಪಡೆಯದೆ ಸಹಿ ಮಾಡಬೇಡಿ.

ಸಣ್ಣವರಿಗೆ ಉಪಯೋಗವಾಗುವುದು ಲೆಕ್ಕ ಕೇಳುವ ಭಾಗ. 59ನೆಯ ಕಲಮಿನಂತೆ ಪ್ರತಿ ಪರವಾನಗಿದಾರ ಕಂಪನಿಯೂ ತನ್ನ ಸೇವೆಯ ಮಟ್ಟವನ್ನೂ, ತಪ್ಪಿಗೆ ಎಷ್ಟು ಮಂದಿಗೆ ಪರಿಹಾರ ಕೊಟ್ಟಿತೆಂಬುದನ್ನೂ ಆಯೋಗಕ್ಕೆ ವರದಿ ಮಾಡಬೇಕು. ಆಯೋಗ ವರ್ಷಕ್ಕೊಮ್ಮೆಯಾದರೂ ಅದನ್ನು ಪ್ರಕಟಿಸಬೇಕು. ಮನೆಯ ಮಾಡಿನ ಮೇಲೆ ಸೌರ ಫಲಕ ಹಾಕಿ ಹೆಚ್ಚಿನ ವಿದ್ಯುತ್ತನ್ನು ಲೈನಿಗೆ ಕೊಡಬಯಸುವವರಿಗೆ 2024ರಲ್ಲಿ ತಿದ್ದುಪಡಿಯಾದ ಗ್ರಾಹಕರ ಹಕ್ಕುಗಳ ನಿಯಮ ಅನುಕೂಲವಾಗಿದೆ. 10 ಕಿಲೋವ್ಯಾಟಿನವರೆಗೆ ತಾಂತ್ರಿಕ ಪರಿಶೀಲನೆಯ ನೆಪವೇ ಇಲ್ಲ. ಅದಕ್ಕಿಂತ ಹೆಚ್ಚಿನದಕ್ಕೆ 15 ದಿನದೊಳಗೆ ಪರಿಶೀಲಿಸದಿದ್ದರೆ ಒಪ್ಪಿದಂತೆ. ಅದೇ ನಿಯಮದಲ್ಲಿ ಹೊಸ ಸಂಪರ್ಕಕ್ಕೆ ಗ್ರಾಮಾಂತರದಲ್ಲಿ 15 ದಿನ, ಗುಡ್ಡಗಾಡಿನ ಹಳ್ಳಿಗಳಲ್ಲಿ 30 ದಿನ ಎಂದಿದೆ. ಲೈನ್ ಎಳೆಯಬೇಕಾದ ಕಡೆಯ ಗಡುವು ಬೇರೆ.

‘ಜಾಗವಿಲ್ಲ’ ಎಂಬ ಉತ್ತರ ಬಂದಾಗ ಜಗಳಕ್ಕೆ ಹೋಗುವ ಬದಲು ಅಂಕಿಗಳನ್ನು ಕೇಳುವುದು ಲೇಸು. ಆ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯವೆಷ್ಟು ಕೆ.ವಿ.ಎ., ಈಗ ಅದಕ್ಕೆ ಸೇರಿಸಿರುವ ಲೋಡೆಷ್ಟು, ಅರ್ಜಿ ಕೊಟ್ಟ ದಿನದಿಂದೀಚೆಗೆ ಅದೇ ಲೈನಿನಲ್ಲಿ ಮಂಜೂರಾದ ಸಂಪರ್ಕಗಳೆಷ್ಟು, ಅವುಗಳ ಅರ್ಜಿಯ ದಿನಾಂಕಗಳೇನು, ಈ ನಾಲ್ಕು ಸಾಕು. ಕೊನೆಯದನ್ನು ಬಿಡಬೇಡಿ, ಸರದಿ ತಪ್ಪಿದ್ದರೆ ಅಲ್ಲೇ ಗೊತ್ತಾಗುವುದು. ಬಾಯಿಮಾತಿಗೆ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಕಂಪನಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ, 150 ಪದಗಳ ಮಿತಿಯಲ್ಲಿರಬೇಕು. ಆದ್ದರಿಂದ ಕಷ್ಟಸುಖವನ್ನೆಲ್ಲ ತೋಡಿಕೊಳ್ಳದೆ ಈ ನಾಲ್ಕು ಪ್ರಶ್ನೆಗಳನ್ನಷ್ಟೇ ಬರೆಯಿರಿ. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮುಂದಿನ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲನೆಯ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಯ ಒಂದು ನಕಲನ್ನೂ ಸ್ವೀಕೃತಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.